ಮಟನ್ ಜಾಗಕ್ಕೆ ಯಾವುದು? ಮೀಲ್ ಮೇಕರ್, ಪ್ಯಾಕೆಟ್ ಕೈಮ, ಎಳೆ ಹಲಸು, ಅಣಬೆ

ಮಟನ್ ಸಾರಿನ ರುಚಿ ನಿಂತಿರುವುದು ಎಸರಿನ ಮೇಲೆ. ಮೂಳೆ, ಕೊಬ್ಬು, ಮಜ್ಜೆ ಬೆಂದು ಬಿಟ್ಟ ಸಾರವೇ ಮುದ್ದೆಯನ್ನು ಗಂಟಲಲ್ಲಿ ಇಳಿಸುತ್ತದೆ; ತುಂಡು ಆಮೇಲಿನ ಮಾತು. ಮೈಸೂರು, ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಸಸ್ಯಜನ್ಯ ಮಾಂಸ, ಲ್ಯಾಬ್‌ನಲ್ಲಿ ಬೆಳೆಸಿದ ಮಾಂಸ ಅಂತ ಎಲ್ಲಿ ಚರ್ಚೆ ನಡೆದರೂ ತುಂಡಿನದ್ದೇ ಮಾತು: ನಾರು ಬಿಡುತ್ತಾ, ಕಚ್ಚಿದರೆ ಮಾಂಸದ ಹಾಗೇ ಇದೆಯಾ, ಬಣ್ಣ ಕೂತಿದೆಯಾ. ನಮ್ಮ ಒಲೆಯ ಮೇಲೆ ಇವನ್ನೆಲ್ಲ ಒಂದೊಂದಾಗಿ ಇಟ್ಟು ನೋಡಿದಾಗ ನಾನು ಕೇಳಿಕೊಂಡ ಪ್ರಶ್ನೆ ಒಂದೇ. ಇದು ಸಾರಿಗೆ ಏನು ಕೊಡುತ್ತೆ?

ಇಷ್ಟೆಲ್ಲ ಮಾಡುವ ಅಗತ್ಯ ಬಂದದ್ದಕ್ಕೆ ಕಾರಣ ಇದೆ. ಮಾವನವರಿಗೆ ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು ಕುರಿ ಮಾಂಸ ಕಡಿಮೆ ಮಾಡಿ ಅಂದರು. ಹೆಚ್ಚುಕಮ್ಮಿ ಅದೇ ಸಮಯಕ್ಕೆ ಕಾಲೇಜಿಗೆ ಹೋಗುವ ಮಗಳು, ಕೊಂದು ತಿನ್ನುವುದು ನನ್ನಿಂದ ಆಗಲ್ಲಮ್ಮ ಅಂತ ಮಾಂಸ ಬಿಟ್ಟಳು. ಯಜಮಾನರಿಗೆ ಭಾನುವಾರ ಬಾಡಿಲ್ಲದಿದ್ದರೆ ಊಟ ಅನ್ನಿಸುವುದೇ ಇಲ್ಲ. ಇನ್ನು ನನ್ನ ತವರಿನಲ್ಲಿ, ಮಳವಳ್ಳಿ ಕಡೆ, ಅಣ್ಣ ಬನ್ನೂರು ಕುರಿ ಸಾಕಿ ಬದುಕುತ್ತಿದ್ದಾನೆ. ಈ ನಾಲ್ವರಲ್ಲಿ ಯಾರ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ. ಹಾಗಾಗಿ ಮೈಸೂರಿನ ಅಂಗಡಿಗಳಲ್ಲಿ ಸಿಗುವ ಬದಲಿಗಳನ್ನೆಲ್ಲ ತಂದು, ಮನೆಯ ಮಾಮೂಲಿ ಮಸಾಲೆಯಲ್ಲೇ ಮಾಡಿ ಬಡಿಸಿದೆ. ಮಸಾಲೆ ಅಂದರೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಗಸಗಸೆ, ಹುರಿಗಡಲೆ, ಕಾಯಿ, ಧನಿಯಾ, ಖಾರದ ಪುಡಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು. ಯಾವುದಕ್ಕೂ ವಿಶೇಷ ಉಪಚಾರ ಇಲ್ಲ. ಪಕ್ಕದಲ್ಲಿ ರಾಗಿ ಮುದ್ದೆ.

ಮೀಲ್ ಮೇಕರ್

ಸೋಯಾ ಚಂಕ್ಸ್ ಅಂತ ಪ್ಯಾಕೆಟ್ ಮೇಲೆ ಇದ್ದರೂ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದು ಮೀಲ್ ಮೇಕರ್ರೇ. ಸಸ್ಯಜನ್ಯ ಮಾಂಸ ಅಂತ ಈಗ ಹೊಸದಾಗಿ ಹೇಳುತ್ತಿದ್ದಾರಲ್ಲ, ಅದು ಈ ರೂಪದಲ್ಲಿ ನಮ್ಮ ಹಾಸ್ಟೆಲ್‌ಗಳ ಪಲಾವ್‌ಗೆ, ಮದುವೆ ಮನೆಯ ಕುರ್ಮಕ್ಕೆ ಸೇರಿ ಎಷ್ಟೋ ಕಾಲವಾಯಿತು. ಸೋಯಾಬೀನಿನಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟನ್ನು ನೀರು ಬೆರೆಸಿ, ಎಕ್ಸ್‌ಟ್ರೂಡರ್ ಎಂಬ ಯಂತ್ರದಲ್ಲಿ ಕಾವು ಮತ್ತು ಒತ್ತಡ ಕೊಟ್ಟು ತೂತಿನಿಂದ ಹೊರಗೆ ತಳ್ಳುತ್ತಾರೆ. ಹೊರಗೆ ಬಂದ ಕ್ಷಣ ಒತ್ತಡ ಇಳಿದು ಒಳಗಿನ ನೀರು ಆವಿಯಾಗಿ ಹಾರುತ್ತದೆ, ತುಂಡು ಉಬ್ಬಿ ಒಳಗೆಲ್ಲ ಪೊಳ್ಳು ಪೊಳ್ಳಾಗುತ್ತದೆ. ಅದರ ಗುಣವೂ ದೋಷವೂ ಈ ಪೊಳ್ಳಿನಲ್ಲೇ ಇದೆ.

ಗುಣ ಮೊದಲು ಹೇಳುತ್ತೇನೆ. ಒಣ ತುಂಡಿನ 100 ಗ್ರಾಂನಲ್ಲಿ ಸುಮಾರು 52 ಗ್ರಾಂ ಪ್ರೋಟೀನ್. ನೆನೆದ ಮೇಲೆ ತೂಕ ಎರಡು ಮೂರು ಪಟ್ಟಾಗುತ್ತದೆ, ಅಂದರೆ ತಟ್ಟೆಗೆ ಬಂದ 100 ಗ್ರಾಂ ಲೆಕ್ಕಕ್ಕೆ ಮಟನ್‌ನ ಹತ್ತಿರ ಹತ್ತಿರ ಬರುತ್ತದೆ. ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಳ್ಳಿಯ ಚಿಲ್ಲರೆ ಅಂಗಡಿಯಲ್ಲೂ ಸಿಗುತ್ತದೆ, ಫ್ರಿಜ್ ಬೇಡ, ತಿಂಗಳುಗಟ್ಟಲೆ ಡಬ್ಬದಲ್ಲಿ ಇರುತ್ತದೆ. ಕಿಲೋ ಮಟನ್ ಎಂಟುನೂರು ರೂಪಾಯಿ ಮುಟ್ಟುವ ಈ ಕಾಲದಲ್ಲಿ ಇಷ್ಟು ಅಗ್ಗದ ಪ್ರೋಟೀನ್ ಬೇರೆ ಯಾವುದೂ ನನಗೆ ಕಾಣಿಸಲಿಲ್ಲ.

ದೋಷವೇನು ಅಂದರೆ, ಇದು ಸಾರಿಗೆ ಏನೂ ಕೊಡುವುದಿಲ್ಲ, ಸಾರಿನಿಂದ ಕಿತ್ತುಕೊಳ್ಳುತ್ತದೆ. ಸರಿಯಾದ ಹದದಲ್ಲಿ ಇಳಿಸಿದ ಸಾರು ಅರ್ಧ ಗಂಟೆ ಬಿಟ್ಟು ನೋಡಿದರೆ ಗೊಜ್ಜಾಗಿತ್ತು. ಮಾವನವರು ಮುದ್ದೆ ಮುರಿದು ಅದ್ದಲು ಹೋದರೆ ಬಟ್ಟಲಲ್ಲಿ ಎಸರೇ ಇಲ್ಲ. "ಎಲ್ಲ ಇದೇ ಕುಡ್ಕೊಬುಡ್ತಲ್ಲಮ್ಮ, ಮುದ್ದೆಗೆ ಏನುಳೀತು?" ಅಂದರು. ಅವರ ಮಾತು ಸರಿಯಾಗಿತ್ತು. ಆಮೇಲಿಂದ ನೀರು ಹೆಚ್ಚು ಬಿಡುವುದು, ಉಪ್ಪು ಖಾರ ಒಂದು ಕೈ ಮುಂದೆ ಹಾಕುವುದು, ತುಂಡನ್ನು ಕೊನೆಯ ಕುದಿಯಲ್ಲಿ ಸೇರಿಸುವುದು, ಎಲ್ಲ ಮಾಡಿದೆ. ಎಸರು ಉಳಿಯಿತು, ಆದರೆ ಅದು ಮಸಾಲೆಯ ಎಸರು, ಅಷ್ಟೇ.

ಇದರ ಹಸಿ ವಾಸನೆಯನ್ನು ಹೋಗಲಾಡಿಸುವುದೇ ಒಂದು ಕೆಲಸ. ಬರೀ ಬಿಸಿನೀರಲ್ಲಿ ನೆನೆಸಿ ಹಾಕಿದರೆ ಸಾಲದು. ಉಪ್ಪು ಹಾಕಿ ಕುದಿಸಿದ ನೀರಲ್ಲಿ ಹತ್ತು ನಿಮಿಷ ಬಿಟ್ಟು, ಎರಡು ಅಂಗೈ ನಡುವೆ ಒತ್ತಿ ಹಿಂಡಬೇಕು. ಬರುವ ನೀರು ಹಳದಿಯಾಗಿ ನೊರೆ ಕಟ್ಟಿರುತ್ತದೆ. ಹೊಸ ನೀರು ಹಾಕಿ, ನೊರೆ ನಿಲ್ಲುವವರೆಗೆ ಮತ್ತೆ ಹಿಂಡಬೇಕು. ಆಮೇಲೆ ಎಣ್ಣೆಯಲ್ಲಿ ಅರಿಶಿನ, ಶುಂಠಿ ಬೆಳ್ಳುಳ್ಳಿ ಜೊತೆ ಅಂಚು ಕೆಂಪಾಗುವವರೆಗೆ ಬಾಡಿಸಿದರೆ ಹೊರಮೈ ಸ್ವಲ್ಪ ಗಟ್ಟಿಯಾಗುತ್ತದೆ, ಸಾರು ಕುಡಿಯುವುದೂ ಕಡಿಮೆಯಾಗುತ್ತದೆ. ಇಷ್ಟು ಮಾಡಿದ್ದನ್ನು ಮೆಣಸು ಹಾಕಿ ಒಣಗಿಸಿ ಹುರಿದಾಗ ಮನೆಯಲ್ಲಿ ಯಾರೂ ತಕರಾರು ಮಾಡಲಿಲ್ಲ. ಒಣ ಹುರಿದದ್ದಕ್ಕೆ ಮೀಲ್ ಮೇಕರ್ ಪಾಸು, ಸಾರಿಗೆ ನಪಾಸು.

ಪ್ಯಾಕೆಟ್ ಕೈಮ

2021, 22ರ ಸುಮಾರಿಗೆ ನಮ್ಮ ದೇಶದಲ್ಲಿ ಸಸ್ಯದಿಂದ ಮಾಂಸದಂಥ ಕೈಮ, ನಗೆಟ್ಸ್ ಮಾಡಿ ಪ್ಯಾಕೆಟ್ಟಿನಲ್ಲಿ ಮಾರುವ ಕಂಪನಿಗಳು ಸಾಲು ಸಾಲಾಗಿ ಬಂದವು. ಸಿನಿಮಾ ನಟರು, ಕ್ರಿಕೆಟಿಗರು ಹಣ ಹಾಕಿದರು: ರಿತೇಶ್ ಮತ್ತು ಜೆನಿಲಿಯಾ ದೇಶಮುಖ್ ಅವರ ಇಮ್ಯಾಜಿನ್ ಮೀಟ್ಸ್, ವಿರಾಟ್ ಕೊಹ್ಲಿ ಮತ್ತು ಅನುಷ್ಕಾ ಶರ್ಮಾ ಹೂಡಿಕೆ ಮಾಡಿದ ಬ್ಲೂ ಟ್ರೈಬ್, ಧೋನಿ ಹೂಡಿಕೆಯ ಬೆಂಗಳೂರಿನ ಶಾಕಾ ಹ್ಯಾರಿ. ಅದಕ್ಕೂ ಮೊದಲು ಅಮೆರಿಕದಲ್ಲಿ ಬಿಯಾಂಡ್ ಮೀಟ್ ಕಂಪನಿಯ ಷೇರು 2019ರ ಮೇನಲ್ಲಿ 25 ಡಾಲರ್‌ಗೆ ಮಾರುಕಟ್ಟೆಗೆ ಬಂದು ಎರಡೇ ತಿಂಗಳಲ್ಲಿ 200 ಡಾಲರ್ ದಾಟಿತ್ತು. ಆಮೇಲೆ ಅದೇ ಷೇರು ಕುಸಿದು ಬಿತ್ತು. ಜನ ಒಮ್ಮೆ ತಂದು ರುಚಿ ನೋಡಿದರು, ಮತ್ತೆ ಮತ್ತೆ ತರಲಿಲ್ಲ. ಹಾಗೇಕೆ ಅನ್ನುವುದು ನಮ್ಮ ಮನೆಯ ಊಟದಲ್ಲೇ ನನಗೆ ಸ್ವಲ್ಪ ಅರ್ಥವಾಯಿತು.

ಕುವೆಂಪುನಗರದ ಸೂಪರ್ ಮಾರ್ಕೆಟ್ಟಿನ ಫ್ರೀಜರ್‌ನಲ್ಲಿ ಸಿಕ್ಕ ಕೈಮದ ಪ್ಯಾಕೆಟ್ ತಂದೆ. ಹಿಂದೆ ಸಣ್ಣ ಅಕ್ಷರದಲ್ಲಿ ಇದ್ದದ್ದು: ಸೋಯಾ ಪ್ರೋಟೀನ್, ಗೋಧಿಯ ಗ್ಲುಟನ್, ಕೊಬ್ಬರಿ ಎಣ್ಣೆ, ಮೀಥೈಲ್ ಸೆಲ್ಯುಲೋಸ್, ಬೀಟ್‌ರೂಟ್ ಬಣ್ಣ, ಸುವಾಸನೆ, ಗರಂ ಮಸಾಲೆ, ಉಪ್ಪು. ಇದರಿಂದ ಕೈಮ ಉಂಡೆ ಸಾರು ಮಾಡಿದೆ. ಉಂಡೆ ಸಾರಿಗೆ ಒಂದು ನೇಮ ಇದೆಯಲ್ಲ, ಕುದಿಯುವ ಸಾರಿಗೆ ಉಂಡೆ ಬಿಟ್ಟ ಮೇಲೆ ಅದು ಗಟ್ಟಿ ಕಟ್ಟುವವರೆಗೆ ಸೌಟು ಹಾಕಬಾರದು. ಮಟನ್ ಕೈಮದಲ್ಲಾದರೆ ಎದೆ ಢವಗುಟ್ಟುತ್ತಿರುತ್ತದೆ, ಒಂದು ಒಡೆದರೂ ಸಾರೆಲ್ಲ ಪುಡಿ ಪುಡಿ. ಈ ಪ್ಯಾಕೆಟ್ ಕೈಮದ ಉಂಡೆ ಬಿಸಿ ತಾಗಿದ ಕೂಡಲೇ ಗಟ್ಟಿಯಾಯಿತು, ಒಂದೂ ಒಡೆಯಲಿಲ್ಲ. ಸಾರಿನ ಮೇಲೆ ಎಣ್ಣೆಯ ಕೆಂಪು ಕಣ್ಣುಗಳೂ ತೇಲಿದವು. ನೋಡಲಿಕ್ಕೆ ಏನೂ ಕೊರತೆ ಇರಲಿಲ್ಲ. ಯಜಮಾನರು ಮೊದಲ ಉಂಡೆ ಬಾಯಿಗಿಟ್ಟು, "ಕೈಮನೇ ಕಣೆ ಇದು" ಅಂದರು.

ಮಾವನವರು ನಿಧಾನಕ್ಕೆ ಊಟ ಮಾಡುವವರು. ಅವರು ಎರಡನೇ ಉಂಡೆಗೆ ಬರುವಷ್ಟರಲ್ಲಿ ಸಾರು ಆರಿತ್ತು, ಉಂಡೆ ಮೆತ್ತಗಾಗಿತ್ತು. ಇದು ಮೀಥೈಲ್ ಸೆಲ್ಯುಲೋಸ್‌ನ ಸ್ವಭಾವ. ಬಿಸಿಯಾದಾಗ ಹೆಪ್ಪುಗಟ್ಟುತ್ತದೆ, ತಣ್ಣಗಾದಂತೆ ಮತ್ತೆ ಸಡಿಲವಾಗುತ್ತದೆ. ಬರ್ಗರ್ ಒಳಗಿಟ್ಟು ಬಿಸಿಬಿಸಿ ತಿಂದು ಮುಗಿಸುವವರಿಗೆ ಇದು ಗೊತ್ತಾಗುವುದೇ ಇಲ್ಲ. ಬೆಳಿಗ್ಗೆ ಮಾಡಿದ ಬಾಡಿನ ಸಾರು ರಾತ್ರಿಗೆ, ಮಾರನೆ ದಿನಕ್ಕೆ ಇನ್ನೂ ರುಚಿ ಎನ್ನುವ ನಮ್ಮ ಕಡೆ ಇದು ದೊಡ್ಡ ಕೊರತೆ. ಮಾರನೆ ದಿನ ಬಿಸಿ ಮಾಡಿದಾಗ ಉಂಡೆ ಮತ್ತೆ ಗಟ್ಟಿಯಾದರೂ ಎಸರು ಮಾತ್ರ ನಿನ್ನೆಯದ್ದೇ, ಮೇಲೇರಿರಲಿಲ್ಲ.

ಇನ್ನೊಂದು ವಿಷಯವನ್ನು ಹೃದಯದ ತೊಂದರೆ ಇರುವವರ ಮನೆಯವರು ಗಮನಿಸಬೇಕು. ಸಸ್ಯದ್ದು ಅಂದ ಮಾತ್ರಕ್ಕೆ ಹಗುರ ಅಂದುಕೊಳ್ಳಬೇಡಿ. ಕೊಲೆಸ್ಟ್ರಾಲ್ ಇಲ್ಲ, ನಿಜ. ಆದರೆ ಕೊಬ್ಬರಿ ಎಣ್ಣೆ ಹಾಕಿದ್ದರೆ ಅದು ಸ್ಯಾಚುರೇಟೆಡ್ ಕೊಬ್ಬೇ. ಸೋಡಿಯಂ ಅಂತ ಬರೆದಿರುವ ಸಾಲನ್ನು ನೋಡಿ, ಉಪ್ಪು ಮೊದಲೇ ಸೇರಿರುತ್ತದೆ; ಅದರ ಮೇಲೆ ನಾವು ಸಾರಿಗೆ ಹಾಕುವ ಉಪ್ಪು ಬೇರೆ. ಮಾವನವರ ಡಾಕ್ಟರ ಹತ್ತಿರ ಪ್ಯಾಕೆಟ್ಟನ್ನೇ ಕೊಂಡೊಯ್ದು ತೋರಿಸಿದೆವು. ಅಪರೂಪಕ್ಕೆ ಆಗಬಹುದು, ವಾರ ವಾರ ಬೇಡ ಅಂದರು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮಗಳು. ಇದು ಅವಳಿಗಾಗಿಯೇ ತಯಾರಾದದ್ದು ಅಂದುಕೊಂಡಿದ್ದೆ. ಅವಳು ಒಂದು ಉಂಡೆ ಬಿಡಿಸಿ ಮೂಸಿ ತಟ್ಟೆ ಸರಿಸಿದಳು. "ಮಾಂಸದ ವಾಸನೇನೆ ಬೇಡ ಅಂತ ಬಿಟ್ಟಿದೀನಮ್ಮ, ಅದನ್ನೇ ಮತ್ತೆ ಯಾಕೆ ತಯಾರ್ ಮಾಡ್ತಾರೆ?" ಅವಳ ಸ್ನೇಹಿತೆಯರಲ್ಲೂ ಹೀಗೇ ಹೇಳುವವರಿದ್ದಾರೆ. ಮನಸ್ಸಿನಿಂದ ಮಾಂಸ ಬಿಟ್ಟವರಿಗೆ ಅದರ ನಕಲು ಬೇಡ, ಬಿಡದವರಿಗೆ ಅಸಲೇ ಬೇಕು. ಉಳಿದವರು ಮಾವನವರಂಥವರು: ತಿನ್ನುವ ಆಸೆ ಹೋಗಿಲ್ಲ, ತಿನ್ನುವ ಹಾಗಿಲ್ಲ. ಈ ಪ್ಯಾಕೆಟ್ ನಿಜವಾಗಿ ಇಂಥವರಿಗಾಗಿಯೇ ಇರುವುದು. ಅವರಿಗಾಗಿ ಮಾಡುವುದಾದರೆ ಉಪ್ಪು ಕಡಿಮೆ ಮಾಡಬೇಕಿತ್ತು, ಎಣ್ಣೆ ಬದಲಿಸಬೇಕಿತ್ತು, ಮೊದಲೇ ಸೇರಿಸಿದ ಗರಂ ಮಸಾಲೆ ಬಿಡಬೇಕಿತ್ತು. ಮಸಾಲೆ ನಮ್ಮದು ನಾವು ಹಾಕಿಕೊಳ್ಳುತ್ತೇವೆ.

ಅದೇ ಫ್ರೀಜರ್‌ನ ನಗೆಟ್ಸ್, ಬರ್ಗರ್ ಪ್ಯಾಟಿಗಳನ್ನೂ ತಂದಿದ್ದೆ. ಎಣ್ಣೆಯಲ್ಲಿ ಕರಿದು ಸಾಸ್ ಜೊತೆ ಕೊಟ್ಟರೆ ಕೋಳಿಯದ್ದಕ್ಕೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಆದರೆ ಅದು ನಮ್ಮ ಊಟವಲ್ಲ, ಸಂಜೆಯ ತಿಂಡಿ. ಅಷ್ಟಕ್ಕೆ ಬಿಡುತ್ತೇನೆ.

ಎಳೆ ಹಲಸು

ಹೊರದೇಶದವರು ಇದನ್ನು ಈಗ ಡಬ್ಬಿಯಲ್ಲಿ ತುಂಬಿ ಮಾಂಸದ ಬದಲಿ ಅಂತ ಮಾರುತ್ತಿದ್ದಾರೆ. ನಮ್ಮಲ್ಲಿ ಬೇಸಿಗೆ ಶುರುವಾಗುವಾಗ ಎಳೆ ಕಾಯಿ ಬರುತ್ತದೆ, ದೇವರಾಜ ಮಾರುಕಟ್ಟೆಯಲ್ಲಿ ಸಿಪ್ಪೆ ಹೆರೆದು ಹೋಳು ಮಾಡಿಯೂ ಕೊಡುತ್ತಾರೆ. ಮನೆಯಲ್ಲಿ ಹೆಚ್ಚುವುದಾದರೆ ಕೈಗೂ ಚಾಕುವಿಗೂ ಎಣ್ಣೆ ಸವರಿಕೊಳ್ಳದೆ ಮುಟ್ಟಬೇಡಿ, ಮೇಣ ಬಿಡಿಸಲು ಆಮೇಲೆ ಅರ್ಧ ದಿನ ಬೇಕು.

ಬೇಯಿಸಿ ಬೆರಳಲ್ಲಿ ಒತ್ತಿದರೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ನಾರಿನ ವಿಷಯದಲ್ಲಿ ಯಾವ ಕಾರ್ಖಾನೆಯೂ ಇದನ್ನು ಮೀರಿಸಿಲ್ಲ ಅನ್ನಿಸಿತು. ಪಲಾವ್‌ಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. ಮಂಡಿ ಮೊಹಲ್ಲಾದ ಹನುಮಂತು ಪಲಾವ್ ತಿಂದು ಬೆಳೆದ ನಾಲಿಗೆ ಯಜಮಾನರದ್ದು. ಪುದೀನ, ಹಸಿಮೆಣಸಿನಕಾಯಿ ಅರೆದು ಹಾಕಿ ದಮ್ ಕಟ್ಟಿದ ಹಲಸಿನ ಪಲಾವನ್ನು ಅವರು ಎರಡನೇ ಸಲ ಹಾಕಿಸಿಕೊಂಡರು. ಮಗಳಿಗೂ ಇಷ್ಟವಾಯಿತು, ಏಕೆಂದರೆ ಇದು ಹಲಸಾಗಿಯೇ ಬಂದಿತ್ತು, ಬೇರೆ ಯಾವುದರ ವೇಷವನ್ನೂ ಹಾಕಿರಲಿಲ್ಲ. ಸಾರಿಗೆ ಹಾಕಿದರೆ ಒಂದಿಷ್ಟು ಒಗರು, ಒಂದಿಷ್ಟು ಮಂದ ಬರುತ್ತದೆ. ಕೆಡಿಸುವುದಿಲ್ಲ, ಆದರೆ ಏರಿಸುವುದೂ ಇಲ್ಲ.

ಪ್ರೋಟೀನ್ ಮಾತ್ರ ಇದರಲ್ಲಿ ಹುಡುಕಬೇಡಿ. 100 ಗ್ರಾಂಗೆ ಎರಡು ಗ್ರಾಂ ಆಸುಪಾಸು, ಮಟನ್‌ನ ಹತ್ತನೇ ಒಂದು ಪಾಲು. ಮಟನ್ ಬದಲು ಹಲಸು ತಿಂದೆ, ಪೌಷ್ಟಿಕಾಂಶ ಸರಿಹೋಯಿತು ಅಂದುಕೊಂಡರೆ ಬೆಳೆಯುವ ಮಕ್ಕಳಿಗೆ, ವಯಸ್ಸಾದವರಿಗೆ ನಷ್ಟ. ಪಕ್ಕದಲ್ಲಿ ಹೆಸರುಕಾಳಿನ ಉಸ್ಲಿಯೋ ಮೊಸರೋ ಇರಲಿ.

ಅಣಬೆ

ಮೊದಲ ಗುಡುಗು ಮಳೆ ಬಿದ್ದ ಮೇಲೆ ಹುತ್ತದ ಸುತ್ತ ಅಣಬೆ ಏಳುತ್ತದೆ. ನಮ್ಮ ಅವ್ವ ಅದಕ್ಕೆ ಬಾಡಿನ ಮಸಾಲೆಯನ್ನೇ ಅರೆಯುತ್ತಿದ್ದಳು. ತರಕಾರಿ ಸಾರಿನ ಮಸಾಲೆ ಅದಕ್ಕೆ ಒಗ್ಗುವುದಿಲ್ಲ ಅಂತ ಅವಳಿಗೆ ಯಾರೂ ಕಲಿಸಿರಲಿಲ್ಲ, ನಾಲಿಗೆಯೇ ಹೇಳಿತ್ತು. ಈಗ ಅದಕ್ಕೆ ಕಾರಣವೂ ಗೊತ್ತಿದೆ. ಅಣಬೆಯಲ್ಲಿ ಗ್ಲುಟಮೇಟ್ ಧಾರಾಳವಾಗಿದೆ. ಮಾಂಸದ ಸಾರಿಗೆ ಆ ತುಂಬು ರುಚಿ ಕೊಡುವುದರಲ್ಲಿ ಇದರ ಪಾಲು ದೊಡ್ಡದು. ಬೆಂದಾಗ ಅದು ನೀರಿಗೆ ಇಳಿಯುತ್ತದೆ. ನಾನು ಹೋಲಿಸಿದ ಎಲ್ಲದರಲ್ಲಿ ಸಾರಿಗೆ ಏನಾದರೂ ಕೊಟ್ಟದ್ದು ಇದೊಂದೇ.

ಹುತ್ತದ ಅಣಬೆ ವರ್ಷಕ್ಕೊಮ್ಮೆ ಸಿಕ್ಕರೆ ಪುಣ್ಯ, ಮತ್ತು ಗುರುತು ಬಲ್ಲವರು ಕಿತ್ತದ್ದನ್ನು ಬಿಟ್ಟು ಬೇರೆಯದನ್ನು ತಿನ್ನಬಾರದು. ನಾನು ಬಳಸಿದ್ದು ಬೆಳೆಸಿದ ಚಿಪ್ಪಣಬೆ. ಚಾಕು ಬೇಡ, ಉದ್ದಕ್ಕೆ ಕೈಯಲ್ಲೇ ಸೀಳಿ. ಎಣ್ಣೆ ಹಾಕದ ಕಾದ ಬಾಣಲೆಗೆ ಸುರಿದರೆ ಮೊದಲು ನೀರು ಬಿಡುತ್ತದೆ, ಆಮೇಲೆ ಆ ನೀರು ಇಂಗುತ್ತದೆ, ಆಮೇಲೆ ಬಾಣಲೆಯ ತಳಕ್ಕೆ ಕಂದು ಹಿಡಿಯುತ್ತದೆ. ಆ ಕಂದು ಹಿಡಿಯುವವರೆಗೆ ಕಾಯಬೇಕು. ಆಗ ಎಣ್ಣೆ, ಈರುಳ್ಳಿ, ಮಸಾಲೆ ಹಾಕಿ ಬಿಸಿನೀರು ಬಿಟ್ಟರೆ ತಳದ ಕಂದೆಲ್ಲ ಕರಗಿ ಎಸರಿಗೆ ಬರುತ್ತದೆ. ಮಾವನವರು ಈ ಸಾರಿಗೆ ಮುದ್ದೆ ಪೂರ್ತಿ ಮುಗಿಸಿ, ಬಟ್ಟಲಿಗೆ ಇನ್ನೊಂದು ಸೌಟು ಹಾಕಿಸಿಕೊಂಡು ಹಾಗೇ ಕುಡಿದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಹಾಗೆ ಊಟ ಮಾಡಿದ್ದನ್ನು ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಪ್ರೋಟೀನ್ 100 ಗ್ರಾಂಗೆ ಮೂರು ಗ್ರಾಂ ಹತ್ತಿರ, ಮೀಲ್ ಮೇಕರ್ ಮುಂದೆ ಏನೂ ಅಲ್ಲ. ಎರಡು ದಿನಕ್ಕಿಂತ ಹೆಚ್ಚು ಇಟ್ಟರೆ ಲೋಳೆ ಬರುತ್ತದೆ. ಮಂಡ್ಯ, ಮೈಸೂರಿನ ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ, ನನ್ನ ತವರೂರಿನ ಅಂಗಡಿಯಲ್ಲಿ ಇಲ್ಲ.

ಲ್ಯಾಬ್‌ನಲ್ಲಿ ಬೆಳೆಸಿದ ಮಾಂಸ

ಇದನ್ನು ತಿಂದು ನೋಡಿ ಹೇಳುವ ಹಾಗಿಲ್ಲ, ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದಿಲ್ಲ. ಆದರೂ ಹೋಲಿಕೆಯಿಂದ ಹೊರಗಿಡಲು ಮನಸ್ಸಾಗಲಿಲ್ಲ, ಯಾಕೆಂದರೆ ಮನೆಯಲ್ಲಿ ಅತಿ ಹೆಚ್ಚು ಮಾತು ನಡೆದದ್ದು ಇದರ ಬಗ್ಗೆಯೇ.

ಬದುಕಿರುವ ಪ್ರಾಣಿಯಿಂದ ಸ್ವಲ್ಪ ಜೀವಕೋಶ ತೆಗೆದು, ಸಕ್ಕರೆ, ಅಮೈನೋ ಆಮ್ಲ, ಲವಣ, ವಿಟಮಿನ್ ಇರುವ ದ್ರವದಲ್ಲಿ, ದೊಡ್ಡ ಉಕ್ಕಿನ ಪಾತ್ರೆಗಳಲ್ಲಿ ಬೆಳೆಸುತ್ತಾರೆ. 2013ರ ಆಗಸ್ಟ್‌ನಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮಾರ್ಕ್ ಪೋಸ್ಟ್ ಲಂಡನ್ನಿನಲ್ಲಿ ಇಂಥ ಮೊದಲ ಬರ್ಗರ್ ತೋರಿಸಿದರು. ಅದೊಂದಕ್ಕೆ ಎರಡೂವರೆ ಲಕ್ಷ ಯೂರೋ ಖರ್ಚಾಗಿತ್ತು. 2020ರ ಡಿಸೆಂಬರ್‌ನಲ್ಲಿ ಸಿಂಗಾಪುರ ಮೊದಲು ಮಾರಾಟಕ್ಕೆ ಒಪ್ಪಿತು, 2023ರಲ್ಲಿ ಅಮೆರಿಕ. ಅದೇ 2023ರ ನವೆಂಬರ್‌ನಲ್ಲಿ ಇಟಲಿ ನಿಷೇಧಿಸಿತು, 2024ರಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯವೂ ನಿಷೇಧಿಸಿತು. ಸಿಂಗಾಪುರದ ಅಂಗಡಿಯಲ್ಲಿ 2024ರಲ್ಲಿ ಮಾರಾಟಕ್ಕಿಟ್ಟ ಕೋಳಿಯಲ್ಲಿ ಹೀಗೆ ಬೆಳೆಸಿದ ಅಂಶ ಶೇ. 3 ಮಾತ್ರ, ಉಳಿದದ್ದು ಸಸ್ಯದ ಪ್ರೋಟೀನ್. ನಮ್ಮಲ್ಲೂ ಕೆಲಸ ನಡೆದಿದೆ: ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿಗೆ 2019ರಲ್ಲಿ ಕೇಂದ್ರ ಸರ್ಕಾರದ ನೆರವು ಸಿಕ್ಕಿತು, ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2024ರ ಆರಂಭದಲ್ಲಿ ಮೀನಿನ ಮಾಂಸ ಬೆಳೆಸಲು ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು.

ಮನೆಯವರ ಮುಂದೆ ಇಷ್ಟನ್ನೂ ಹೇಳಿ, ಬಂದರೆ ತಿಂತೀರಾ ಅಂತ ಕೇಳಿದೆ. ಮಗಳು ಮನಸ್ಸಿನಲ್ಲಿ ಒಪ್ಪಿದಳು, ಸಾಯಿಸುವುದು ತಪ್ಪುತ್ತದಲ್ಲ ಅಂತ. ತಾನು ಮಾತ್ರ ತಿನ್ನುವುದಿಲ್ಲವಂತೆ. ಯಜಮಾನರಿಗೆ ಬನ್ನೂರು ಕುರಿಯ ರುಚಿ ಬಂದರೆ ಅಭ್ಯಂತರವಿಲ್ಲ. ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಿತೃಪಕ್ಷದಲ್ಲಿ ಹಿರೇಕ್ರಿಗೆ ಎಡೆ ಇಕ್ಬೋದೇನಮ್ಮ ಅದನ್ನ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಸ್ಲಿಮರಲ್ಲೂ ಇಂಥದೇ ಪ್ರಶ್ನೆ ಎದ್ದು, ಸಿಂಗಾಪುರದ ಫತ್ವಾ ಸಮಿತಿ 2024ರಲ್ಲಿ ಕೆಲವು ಷರತ್ತಿನ ಮೇಲೆ ಹಲಾಲ್ ಆಗಬಹುದು ಎಂದಿತು. ಹಿರಿಯರಿಗೆ ಎಡೆ ಇಡುವ ನಮ್ಮ ಮನೆಗಳಿಗೆ ಹಾಗೆ ತೀರ್ಮಾನ ಹೇಳುವ ಸಮಿತಿ ಇಲ್ಲ. ಮನೆಯ ಹಿರಿಯರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನನ್ನ ಪ್ರಶ್ನೆಗೆ ಬಂದರೆ, ಪಾತ್ರೆಯಲ್ಲಿ ಬೆಳೆದದ್ದಕ್ಕೆ ಮೂಳೆ ಇಲ್ಲ, ಮಜ್ಜೆ ಇಲ್ಲ. ಕೊಬ್ಬನ್ನು ಬೇರೆ ಬೆಳೆಸಿ ಸೇರಿಸಬೇಕು. ಹಾಗಾಗಿ ಬಂದರೂ ಮೊದಲು ಕೈಮವಾಗಿ, ನಗೆಟ್ಟಾಗಿ ಬರುತ್ತದೆ. ಕಾಲು ಸೂಪಿಗೆ, ತಲೆಮಾಂಸಕ್ಕೆ, ಬೋಟಿ ಗೊಜ್ಜಿಗೆ ಬರುವುದಿಲ್ಲ.

ಒಪ್ಪುವುದು ಯಾವಾಗ

ಭಾರತ, ಚೀನಾ, ಅಮೆರಿಕ ಮೂರೂ ಕಡೆ ಜನರನ್ನು ಕೇಳಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಥ ಮಾಂಸ ಕೊಳ್ಳಲು ಅಮೆರಿಕದವರಿಗಿಂತ ನಾವೂ ಚೀನೀಯರೂ ಹೆಚ್ಚು ಒಲವು ತೋರಿಸಿದ್ದೆವು. ಆದರೆ ಇಂಟರ್ನೆಟ್ಟಿನಲ್ಲಿ ಪ್ರಶ್ನೆಗೆ ಉತ್ತರ ಕೊಡುವಾಗ ಮನುಷ್ಯ ಒಬ್ಬನೇ ಇರುತ್ತಾನೆ. ಮಾಂಸವನ್ನು ನಾವು ಒಬ್ಬೊಬ್ಬರೇ ತಿನ್ನುವುದಿಲ್ಲ. ಯುಗಾದಿಯ ಮಾರನೆ ದಿನದ ಹೊಸತೊಡಕನ್ನೇ ನೋಡಿ. ವರ್ಷವಿಡೀ ವಾರಕ್ಕಿಷ್ಟು ಅಂತ ಚೀಟಿ ಕಟ್ಟಿ, ಕುರಿ ತಂದು, ಎಲೆಯ ಮೇಲೆ ಗುಡ್ಡೆ ಹಾಕಿ ಹಂಚಿಕೊಳ್ಳುತ್ತೇವೆ. ಪ್ರತಿ ಗುಡ್ಡೆಗೂ ತೊಡೆ, ಎದೆಮೂಳೆ, ಈಲಿ, ಬೋಟಿ ಎಲ್ಲ ಒಂದೊಂದು ಪಾಲು ಬೀಳಬೇಕು, ಯಾರಿಗೂ ಹೆಚ್ಚುಕಮ್ಮಿ ಆಗಬಾರದು. ಇಡೀ ಕೇರಿ ಕೂತು ಹಂಚಿಕೊಂಡದ್ದರ ಜಾಗದಲ್ಲಿ ಒಂದು ಪ್ಯಾಕೆಟ್ ಬಂದು ಕೂರುವುದು ಸುಲಭವಿಲ್ಲ.

ಮಾನದ ಪ್ರಶ್ನೆಯೂ ಇದೆ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕು ಅಂತ ಎದ್ದ ಕೂಗನ್ನು ಎಲ್ಲರೂ ಕೇಳಿದ್ದಾರೆ. ಆ ಕೂಗು ಬರೀ ನಾಲಿಗೆಯದ್ದಲ್ಲ. ನಮ್ಮ ಊಟ ಏಕೆ ಕೀಳು ಅನ್ನುವ ಪ್ರಶ್ನೆ ಅದು. ಬದಲಿ ಮಾಂಸ ಮಾರುವವರು ಇದನ್ನು ಮರೆತು, ನೀವು ತಿನ್ನುವುದು ತಪ್ಪು, ಇದನ್ನು ತಿನ್ನಿ ಅಂತ ಬಂದರೆ ಈ ಸೀಮೆಯಲ್ಲಿ ಬಾಗಿಲು ತೆರೆಯುವುದಿಲ್ಲ. ತೆರೆಯಲೂ ಬಾರದು ಅನ್ನುವುದು ನನ್ನ ಅಭಿಪ್ರಾಯ.

ಸಸ್ಯದಿಂದ ಅಗ್ಗದ ಪ್ರೋಟೀನ್ ಮಾಡುವ ಯೋಚನೆ ನಮ್ಮೂರಿಗೆ ಹೊಸದೂ ಅಲ್ಲ. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ಪೌಷ್ಟಿಕ ಆಹಾರ ಮಾಡಿತು, ಕಡಲೆಕಾಯಿ ಪ್ರೋಟೀನನ್ನು ಹಾಲಿಗೆ ಸೇರಿಸಿ ಮಿಲ್ಟೋನ್ ಎಂಬ ಪಾನೀಯ ಮಾಡಿತು. ಅವರ ಕಣ್ಣ ಮುಂದೆ ಇದ್ದದ್ದು ಹಸಿದ ಮಕ್ಕಳು. ಬದಲಿ ಮಾಂಸದ ಕೆಲಸಕ್ಕೂ ಅಂಥ ಗುರಿ ಇದ್ದರೆ ಚೆನ್ನ: ಫ್ರೀಜರ್ ಬೇಡದ, ಹಳ್ಳಿಯ ಅಂಗಡಿಗೆ ತಲುಪುವ, ಕೂಲಿ ಮಾಡುವವರೂ ಕೊಳ್ಳಬಹುದಾದ ಒಣ ಕೈಮ.

ಅಣ್ಣನ ವಿಷಯ ಬಾಕಿ ಇದೆ. ಪ್ಯಾಕೆಟ್ ಕೈಮದ ಸಾರನ್ನು ಅವನಿಗೂ ಬಡಿಸಿದ್ದೆ. ಚೆನ್ನಾಗದೆ ಅಂದ. ಆಮೇಲೆ, "ಎಲ್ರೂ ಇದ್ನೇ ತಿನ್ನಕ್ಕೆ ನಿಂತ್ರೆ ನನ್ ಕುರಿ ಯಾರವ್ವ ತಗೊತಾರೆ?" ಅಂದ. ಗಿಡ್ಡ ಕಾಲು, ದುಂಡನೆ ಮೈ, ಹಿಂದಿನಿಂದ ನೋಡಿದರೆ ತಲೆಕೆಳಗಾದ ಯು ಅಕ್ಷರದ ಆಕಾರದ ತೊಡೆ, ಈ ತಳಿ ಇರುವುದೇ ನಮ್ಮ ಈ ಸೀಮೆಯಲ್ಲಿ. ತಿನ್ನುವವರಿದ್ದರೆ ಸಾಕುವವರು, ಸಾಕುವವರಿದ್ದರೆ ತಳಿ. ಮಗಳ ಕರುಣೆಯೂ ನಿಜ, ಅಣ್ಣನ ಬದುಕೂ ನಿಜ. ವಾರಕ್ಕೊಮ್ಮೆ ತಿನ್ನುತ್ತಿದ್ದವರು ತಿಂಗಳಿಗೊಮ್ಮೆ ತಿಂದರೂ ಒಳ್ಳೆಯ ಬನ್ನೂರು ಕುರಿಯನ್ನೇ, ಸಾಕಿದವನಿಗೆ ನ್ಯಾಯವಾದ ಬೆಲೆ ಕೊಟ್ಟು ತಿನ್ನಲಿ ಎಂಬಲ್ಲಿಗೆ ನಾನು ಬಂದು ನಿಂತಿದ್ದೇನೆ. ಅಣ್ಣ ಇದಕ್ಕೆ ಪೂರ್ತಿ ಒಪ್ಪಿಲ್ಲ.

ಉಳಿದ ಭಾನುವಾರಗಳಿಗೆ ನಮ್ಮ ಮನೆಯಲ್ಲಿ ನೆಲೆ ನಿಂತದ್ದು ಕಾರ್ಖಾನೆಯದ್ದೂ ಅಲ್ಲ, ಪೂರ್ತಿ ಹಳೆಯದೂ ಅಲ್ಲ. ಮೀಲ್ ಮೇಕರ್‌ನ ಪ್ರೋಟೀನೂ ಅಣಬೆಯ ಎಸರೂ ಸೇರಿದ ಉಂಡೆ ಸಾರು. ಸಣ್ಣ ಕಾಳಿನ ಮೀಲ್ ಮೇಕರ್ ನೆನೆಸಿ ಹಿಂಡಿದ್ದು ಎರಡು ಬಟ್ಟಲು, ಬಾಣಲೆಯಲ್ಲಿ ನೀರು ಇಂಗಿಸಿದ ಚಿಪ್ಪಣಬೆ ಒಂದು ಬಟ್ಟಲು, ಹುರಿಗಡಲೆ ಪುಡಿ ಅರ್ಧ ಬಟ್ಟಲು, ಜೊತೆಗೆ ಕಾಯಿ, ಗಸಗಸೆ, ಚಕ್ಕೆ, ಲವಂಗ, ಹಸಿಮೆಣಸಿನಕಾಯಿ, ಉಪ್ಪು. ನೀರು ಹಾಕದೆ ತರಿತರಿಯಾಗಿ ರುಬ್ಬಿ ಉಂಡೆ ಕಟ್ಟಿ. ಮಾಂಸದ ಹಾಗೆ ಇದು ತಾನೇ ಹಿಡಿದುಕೊಳ್ಳುವುದಿಲ್ಲ, ಆದ್ದರಿಂದ ಇಡ್ಲಿ ತಟ್ಟೆಯಲ್ಲಿ ಹತ್ತು ನಿಮಿಷ ಆವಿಗಿಟ್ಟು ಆಮೇಲೆ ಸಾರಿಗೆ ಬಿಡಿ. ಅಣಬೆ ಬಾಡಿಸಿದ ಬಾಣಲೆಯನ್ನು ತೊಳೆಯುವ ಮೊದಲು ಅದಕ್ಕೆ ಬಿಸಿನೀರು ಹಾಕಿ ಕೆರೆದು, ಆ ನೀರನ್ನೂ ಸಾರಿಗೇ ಸುರಿಯಿರಿ.